ಬಲಗೈಯ ಪಟ್ಟಿ

ನನ್ನ ಅಣ್ಣನ ಮನೆಯ ಮುಂಭಾಗದಲ್ಲಿ ಬೇಕರಿ, ಹಿಂಭಾಗದಲ್ಲಿ ಸಂಸಾರ. ನಡುವೆ ಒಂದೇ ಬಾಗಿಲು. ಹಾಗಾಗಿ ಆ ಮನೆಯಲ್ಲಿ ಹಿಟ್ಟು ಎಲ್ಲಿಲ್ಲ ಹೇಳಿ? ಅತ್ತಿಗೆಯ ಕೂದಲಿನಲ್ಲಿ, ಗೋಡೆಯ ಸ್ವಿಚ್ಚಿನ ಮೇಲೆ, ಅಣ್ಣನ ಹುಬ್ಬಿನಲ್ಲಿ, ಅವನ ಬೈಬಲ್ಲಿನ ಕೊನೆಯ ಪುಟಗಳಲ್ಲಿ. ಮೊದಲ ಪುಟಗಳು ಮಾತ್ರ ಶುಭ್ರವಾಗಿವೆ, ಯಾಕೆಂದರೆ ಅಣ್ಣ ಆ ಕಡೆ ತಿರುಗಿಸುವುದೇ ಅಪರೂಪ.

ನಾನು ಅವನ ತಂಗಿ. ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಅದೇ ಬೀದಿಯಲ್ಲಿ ಒಬ್ಬಳೇ ಇದ್ದೇನೆ. ಬೆಳಿಗ್ಗೆ ಬ್ರೆಡ್ ತರುವ ನೆಪದಲ್ಲಿ ಹೋಗಿ ಅಣ್ಣನ ಜೊತೆ ಒಂದು ಸುತ್ತು ಜಗಳವಾಡದಿದ್ದರೆ ನನಗೆ ದಿನ ಶುರುವಾದಂತೆಯೇ ಅನ್ನಿಸುವುದಿಲ್ಲ.

ಜಗಳ ಹಳೆಯದು. ಒಂದು ಕಾಲಕ್ಕೆ ನಮ್ಮದೆಲ್ಲ ಒಂದೇ ಸಭೆ, ಒಂದೇ ಚರ್ಚು. ಕರ್ತನು ಮತ್ತೆ ಬರುತ್ತಾನೆ ಎಂಬುದರಲ್ಲಿ ಯಾರಿಗೂ ತಕರಾರಿರಲಿಲ್ಲ. ಲೋಕದ ಕೊನೆಗೆ ಮಹಾಸಂಕಟ ಬರುವ ಮೊದಲೇ ತನ್ನವರನ್ನು ಮೇಲಕ್ಕೆ ಎತ್ತಿಕೊಳ್ಳುತ್ತಾನೋ, ಸಂಕಟ ಮುಗಿದ ಮೇಲೋ? ಬೈಬಲ್ಲಿನ ಆ ಕೊನೆಯ ಪುಟಗಳ ಮೃಗ ಎಂದರೆ ಮುಂದೆ ಬರುವವನೋ, ಆ ಮಾತು ಬರೆದ ಕಾಲದಲ್ಲೇ ಇದ್ದ ದುಷ್ಟ ಅರಸನೋ? ಇಷ್ಟಕ್ಕೇ ಸಭೆ ಎರಡಾಯಿತು. ಪಿಯಾನೊ ಅಣ್ಣನ ಕಡೆಯವರ ಪಾಲಾಯಿತು, ಹಾಡಿನ ಪುಸ್ತಕಗಳು ನಮ್ಮ ಕಡೆಗೆ ಬಂದವು. ಅಂದಿನಿಂದ ಅವರು ಪದ ಮರೆತು ಹಾಡುತ್ತಾರೆ, ನಾವು ಶ್ರುತಿ ಬಿಟ್ಟು ಹಾಡುತ್ತೇವೆ. ನಮ್ಮ ಕಡೆಯವರೇನೂ ಸಾಚಾಗಳಲ್ಲ. ಅವರನ್ನು ಗೇಲಿ ಮಾಡುವುದನ್ನೇ ಭಾನುವಾರದ ಪ್ರಸಂಗ ಎಂದುಕೊಂಡವರು ನಮ್ಮಲ್ಲೂ ಇದ್ದಾರೆ.

ಅಣ್ಣನ ಸಭೆಗೆ ಹೊಸ ಪಾಲಕರು, ಅಂದರೆ ಪಾದ್ರಿಗಳು, ಬಂದ ಮೇಲೆ ಗೇಲಿ ಮಾಡುವ ಹಾಗೂ ಉಳಿಯಲಿಲ್ಲ. ಅವರು ಏಳು ತಲೆಯ ಮೃಗದ ಚಿತ್ರ ಬರೆಸಿದ ದೊಡ್ಡ ಬಟ್ಟೆಯನ್ನು ಗೋಡೆಗೆ ತೂಗುಹಾಕಿ, ಮೃಗದ ಸಂಖ್ಯೆ ಬಲಗೈಗೋ ಹಣೆಗೋ ಬೀಳುವ ಕಾಲ ಬಂದೇಬಿಟ್ಟಿದೆ ಎಂದರು. ಮೈಮೇಲೆ ಯಾವ ಸಂಖ್ಯೆಯೂ ಕೂಡದು ಎಂಬ ಕಟ್ಟಳೆ ಆಯಿತು. ಮೊದಲು, ಈಜುಕೊಳದಲ್ಲಿ ಕೈಗೆ ಒತ್ತುವ ಮುದ್ರೆ ಬೇಡವೆಂದರು. ಆಮೇಲೆ ಓಟದ ಪಂದ್ಯದಲ್ಲಿ ಮಕ್ಕಳ ಎದೆಗೆ ಸಿಕ್ಕಿಸುವ ನಂಬರು. ಆಮೇಲೆ ಕಾರ್ಖಾನೆಯ ನಂಬರ್ ಬಿಲ್ಲೆ. ಅಣ್ಣನ ಮಗ ಒಳ್ಳೆಯ ಕೆಲಸ ಬಿಟ್ಟು ಬಂದು ಹಿಟ್ಟು ನಾದಲು ನಿಂತ. ಕಟ್ಟಳೆ ಮೀರಿದವರಿಗೆ ಸಭೆಯಲ್ಲಿ ಹಂಚುವ ಕರ್ತನ ಭೋಜನದ ರೊಟ್ಟಿಯಿಲ್ಲ, ದ್ರಾಕ್ಷಾರಸದ ಪಾತ್ರೆಯಿಲ್ಲ. ಅಂಥವರ ಮನೆಯಲ್ಲಿ ಯಾರೂ ಊಟಕ್ಕೆ ಕೂರುತ್ತಲೂ ಇರಲಿಲ್ಲ. ಅಣ್ಣ ಆ ಸಭೆಯ ಹಿರಿಯ. ಭೋಜನದ ರೊಟ್ಟಿ ಬೇಯುವುದೂ ಅವನ ಒಲೆಯಲ್ಲೇ.

ಹೀಗಿರುವಾಗ ಅಣ್ಣನ ಸೊಸೆ ಬಸುರಿಯಾದಳು.

ಬೇಕರಿಯಲ್ಲಿ ಕೇಕಿನ ಮೇಲೆ ಹೆಸರು ಬರೆಯುವವಳು ಅವಳೇ. ಅಂಥ ಕೈ ನಾನು ನೋಡಿಲ್ಲ. ಕೆನೆಯಲ್ಲಿ ಬರೆದರೂ ಅಚ್ಚು ಹೊಡೆದಂತಿರುತ್ತಿತ್ತು. ಏಳನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಹೋದಾಗ ಒಂದು ಮಗುವಿನ ಹುಟ್ಟುಹಬ್ಬದ ಕೇಕಿನ ಮೇಲೆ ಅಕ್ಷರಗಳು ಅಡ್ಡಾದಿಡ್ಡಿ ಹರಿದಿದ್ದವು.

"ಏನೇ ಇದು, ನಿದ್ದೆಗಣ್ಣಲ್ಲಿ ಬರೆದ್ಯಾ?" ಎಂದು ನಕ್ಕೆ.

"ಸಣ್ಣತ್ತೆ, ಅಕ್ಷರನೇ ಸರಿಯಾಗಿ ಕಾಣ್ತಿಲ್ಲ. ಕಣ್ಣ ಮುಂದೆ ಏನೋ ಮಿಂಚಿದ ಹಾಗಾಗುತ್ತೆ. ತಲೆ ಸಿಡಿದು ಹೋಗ್ತಿದೆ."

ಅವಳ ಪಾದ ನೋಡಿದೆ. ಚಪ್ಪಲಿ ಹಿಡಿಸದಷ್ಟು ಊದಿತ್ತು. ನನ್ನ ನಗು ಅಲ್ಲೇ ಸತ್ತಿತು. ಬಿಡದೆ ಎಲ್ಲರನ್ನೂ ಹೊರಡಿಸಿಕೊಂಡು ಹೆರಿಗೆ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ರಕ್ತದೊತ್ತಡ ನೋಡಿ, ಈಗಿಂದೀಗಲೇ ಸೇರಿಸಬೇಕು, ಮನೆಗೆ ಕಳಿಸುವ ಮಾತೇ ಇಲ್ಲ ಎಂದರು. ನರ್ಸ್ ಒಂದು ಪ್ಲಾಸ್ಟಿಕ್ ಪಟ್ಟಿ ಹಿಡಿದು ಬಂದಳು. ಅದರ ಮೇಲೆ ಹೆಸರು, ಹೆಸರಿನ ಕೆಳಗೆ ನಂಬರು.

"ಬಲಗೈ ಕೊಡಮ್ಮ."

"ಕೊಡಬೇಡ ಮಗಳೇ," ಅಣ್ಣ ನಡುವೆ ಬಂದ.

"ಯಜಮಾನ್ರೇ, ತಾಯಿಗೂ ಮಗುಗೂ ಒಂದೇ ನಂಬರ್ ಹಾಕ್ತೀವಿ. ಇಲ್ಲಾಂದ್ರೆ ಯಾರ ಮಗು ಯಾರ ಕೈಗೋ ಹೋಗುತ್ತೆ. ಪಟ್ಟಿ ಇಲ್ದೆ ಸೇರಿಸ್ಕೊಳ್ಳೋಕಾಗಲ್ಲ."

"ಎಡಗೈಗೆ ಕಟ್ಟಲಿ ಬಿಡಣ್ಣ," ಎಂದೆ ನಾನು. "ನಿಮ್ಮ ಲೆಕ್ಕದಲ್ಲೂ ಬಲಗೈ ತಾನೇ ಕೆಟ್ಟದ್ದು?"

ಅಣ್ಣ ಹೊರಗೆ ಹೋಗಿ ಪಾಲಕರಿಗೆ ಫೋನ್ ಮಾಡಿ ಬಂದ. ಇವತ್ತು ಎಡಗೈ ಕೊಟ್ಟವರು ನಾಳೆ ಹಣೆಯನ್ನೂ ಕೊಡುತ್ತಾರೆ ಎಂದರಂತೆ. ಅಣ್ಣನ ಮನೆಯವರು ಸೊಸೆಯನ್ನು ನಡೆಸಿಕೊಂಡೇ ವಾಪಸು ಹೊರಟರು. ಡಾಕ್ಟರಮ್ಮ ಬಾಗಿಲ ತನಕ ಬಂದು ಬೇಡಿಕೊಂಡರು. ಗಂಡ ಎನಿಸಿಕೊಂಡವನು ಅಪ್ಪನ ಮುಖ, ಹೆಂಡತಿಯ ಮುಖ ನೋಡುತ್ತಾ ನಿಂತಿದ್ದ. ನನಗೆ ಅವನ ಕಪಾಳಕ್ಕೆ ಬಾರಿಸುವಷ್ಟು ಸಿಟ್ಟು ಬಂತು.

ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ನನ್ನ ಮನೆಗೂ ಬೇಕರಿಗೂ ಅಲೆದೆ. ಅಣ್ಣ ಒಲೆಯಿಂದ ತಟ್ಟೆ ಎಳೆಯುತ್ತಿದ್ದರೆ ನಾನು ಅವನ ಬೆನ್ನಿಗೆ ವಾದ ಮಾಡುತ್ತಿದ್ದೆ.

"ಅಣ್ಣ, ಆ ಮೃಗದ ಮಾತು ಬರೆದದ್ದು ಯಾರಿಗೆ? ಅರಸನೇ ದೇವರು ಅಂತ ಅಡ್ಡಬೀಳದಿದ್ರೆ ಸಂತೇಲಿ ಒಂದು ಹಿಡಿ ಕಾಳೂ ಸಿಗದೆ ಒದ್ದಾಡ್ತಿದ್ದವರಿಗೆ. ನೀನು ಯಾರ ಕಡೆಯವನು ಅಂತ ಕೇಳೋದು ಅದು. ನರ್ಸ್ ಕಟ್ಟೋ ಪಟ್ಟಿಗೂ ಅದಕ್ಕೂ ಏನು ಸಂಬಂಧ?"

"ನೀನು ಓದಿದವಳು. ನಿನಗೆ ಬರೆದಿದ್ದೆಲ್ಲ ಬೇರೆ ಏನೋ ಆಗಿ ಕಾಣುತ್ತೆ. ನನಗೆ ಬಲಗೈ ಅಂದ್ರೆ ಬಲಗೈ, ಸಂಖ್ಯೆ ಅಂದ್ರೆ ಸಂಖ್ಯೆ."

"ಸರಿ, ಹಾಗೇ ಓದು. ಅದೇ ಪುಸ್ತಕದಲ್ಲಿ ದೇವರೂ ತನ್ನವರ ಹಣೆಗೆ ಮುದ್ರೆ ಒತ್ತುತ್ತಾನಲ್ಲ? ಆತನ ಮುದ್ರೆ ಅಷ್ಟು ಸುಲಭಕ್ಕೆ ಅಳಿಸುತ್ತಾ? ಒಂದು ಪ್ಲಾಸ್ಟಿಕ್ ಚೂರಿಗೆ ಹೆದರಿ ಓಡಿಹೋಗುತ್ತಾ?"

ಅವನು ತಟ್ಟೆಯನ್ನು ಮೇಜಿನ ಮೇಲಿಟ್ಟ. "ಹಿರಿಯನ ಮನೆಯಲ್ಲೇ ಹೀಗಾದ್ರೆ ಸಭೆ ನನ್ನ ಮುಖ ನೋಡುತ್ತಾ?" ಎಂದ. ಒಳಗಿದ್ದ ಮಾತು ಬಂತಲ್ಲ ಎಂದುಕೊಂಡೆ. ಅವನ ಹೆದರಿಕೆಯಲ್ಲಿ ಅರ್ಧ ಮೃಗದ್ದು, ಇನ್ನರ್ಧ ಬೆಂಚಿನ ಮೇಲೆ ಪಕ್ಕದಲ್ಲಿ ಕೂರುವವರದ್ದು.

ಒಳಗೆ ಸೊಸೆ ಕಿಟಕಿಯ ಪರದೆ ಎಳೆದುಕೊಂಡು ಮಲಗಿದ್ದಳು. ನನ್ನ ಕೈ ಹಿಡಿದು, "ಸಣ್ಣತ್ತೆ, ನಾನು ಪಟ್ಟಿ ಕಟ್ಟಿಸ್ಕೊಂಡ್ರೆ ದೇವರು ನನ್ನ ಮಗೂನ ತನ್ನದು ಅನ್ನಲ್ವಾ?" ಎಂದಳು. ಹಾಗೇನಿಲ್ಲ ಕಂದ, ಎಂದೆ. "ಹಾಗಾದ್ರೆ ಮಾವನಿಗೆ ಹೇಳಿ," ಎಂದಳು. ಅತ್ತಿಗೆ ಕಾಲ ಬಳಿ ಕೂತು ಒದ್ದೆ ಬಟ್ಟೆ ಹಿಂಡುತ್ತಿದ್ದರು. ಅವರು ಆ ಮನೆಗೆ ಬಂದಾಗಿನಿಂದ ಅಣ್ಣನ ಮಾತಿಗೆ ಎದುರಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ.

ಮರುದಿನ ಮಧ್ಯಾಹ್ನ ಅವಳು ನೀರು ಕುಡಿಯಲು ಎದ್ದವಳು ಬಾಗಿಲಲ್ಲೇ ಬಿದ್ದಳು. ಮೈಯೆಲ್ಲ ಸೆಟೆದು ನಡುಗಿತು, ಹಲ್ಲು ಕಚ್ಚಿಕೊಂಡವು. ನಾನು ಯಾರನ್ನೂ ಕೇಳಲಿಲ್ಲ. ಬ್ರೆಡ್ ಸಾಗಿಸುವ ವ್ಯಾನಿಗೆ ಅಣ್ಣನ ಮಗನೂ ನಾನೂ ಅವಳನ್ನು ಎತ್ತಿ ಹಾಕಿದೆವು. ಅವಳಿಗೆ ಪ್ರಜ್ಞೆಯಿಲ್ಲದಿರುವಾಗ ನರ್ಸ್ ಬಲಗೈಗೆ ಪಟ್ಟಿ ಕಟ್ಟಿದಳು. ಹಿಂದೆಯೇ ಓಡಿಬಂದ ಅಣ್ಣ ಅದನ್ನು ನೋಡಿಯೂ ತಡೆಯಲಿಲ್ಲ. ಹೊಟ್ಟೆ ಕೊಯ್ದು ಮಗುವನ್ನು ತೆಗೆದರು. ಹೆಣ್ಣು. ಅದರ ಕಾಲಿಗೂ ಅದೇ ನಂಬರಿನ ಪುಟ್ಟ ಪಟ್ಟಿ. ಕಾವು ಕೊಡುವ ಗಾಜಿನ ಪೆಟ್ಟಿಗೆಯಲ್ಲಿ ಮಗು ಒಂದು ಹಗಲು ಉಸಿರಾಡಿ ಹೋಯಿತು. ಮೊದಲ ದಿನವೇ ಸೇರಿಸಿದ್ದರೆ ಎರಡು ಜೀವವೂ ಉಳಿಯುವ ದಾರಿ ಇತ್ತು ಎಂದು ಡಾಕ್ಟರಮ್ಮ ಹೇಳಿದರು. ತಾಯಿ ಬದುಕಿದಳು.

ಓದುವವರೇ, ಕರ್ತನ ಬರುವಿಕೆಗೆ ಕಾಯುವುದು ತಪ್ಪೆಂದು ನಾನು ಹೇಳುತ್ತಿಲ್ಲ. ನಾನೂ ಕಾಯುವವಳೇ. ಆದರೆ ಬರುವವನ ಹೆಸರಿನಲ್ಲಿ, ಆಗಲೇ ಬಾಗಿಲಿಗೆ ಬಂದಿದ್ದ ಒಂದು ಕೂಸನ್ನು ಕೊಂದೆವು. ಇದಕ್ಕೆ ಬೇರೆ ಮಾತು ನನಗೆ ಗೊತ್ತಿಲ್ಲ.

ಹೂಳುವ ದಿನ ಎರಡೂ ಕಡೆಯವರು ಬಂದಿದ್ದರು. ಅತ್ತಿಗೆ ಮುಚ್ಚಳ ಹಾಕದ ಪುಟ್ಟ ಶವಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗುಂಡಿಯ ಪಕ್ಕ ಕೂತಿದ್ದರು. ಪಾಲಕರು ಬಗ್ಗಿ ಮಗುವಿನ ಕಾಲು ನೋಡಿದರು.

"ಹಿರಿಯರೇ, ಆ ನಂಬರ್ ಪಟ್ಟೀನ ಕತ್ತರಿಸಿ ತೆಗೀರಿ. ಆಮೇಲೆ ಪ್ರಾರ್ಥನೆ ಮಾಡ್ತೀನಿ."

ಅಣ್ಣ ಜೇಬಿನಿಂದ ಕತ್ತರಿ ತೆಗೆದ. ಮೊದಲೇ ಹೇಳಿಸಿಕೊಂಡು ಬಂದಿದ್ದನೆಂದು ಕಾಣುತ್ತದೆ. ಅತ್ತಿಗೆ ಪೆಟ್ಟಿಗೆಯ ಮೇಲೆ ಕೈ ಅಡ್ಡ ಇಟ್ಟರು.

"ಮುಟ್ಟಬೇಡಿ."

ಅಣ್ಣ ಬೆಚ್ಚಿದ. ನಾನೂ ಬೆಚ್ಚಿದೆ.

"ಸೊಸೆ ಕಣ್ಣು ಬಿಟ್ಟಿದ್ದೇ ಮಗು ಎಲ್ಲಿ ಅಂದ್ಲು. ಹೇಗೋ ಹೇಳಿದೆ. ತನ್ನ ಕೈಲಿದ್ದ ನಂಬರ್ ನೋಡ್ಕೊಂಡು, 'ಅವಳ ಕಾಲಲ್ಲೂ ಇದೇ ಇದೆಯಾ ಅತ್ತೆ?' ಅಂದ್ಲು. ಇದೆ ಅಂದೆ. 'ತೆಗೆಯೋಕೆ ಬಿಡಬೇಡಿ' ಅಂದ್ಲು. ಇವಳು ಅವಳ ಮಗಳು ಅಂತ ಹೇಳೋಕೆ ಈ ಲೋಕದಲ್ಲಿ ಇರೋದು ಇದೊಂದೇ."

ಪಾಲಕರು ಮೆಲ್ಲಗೆ, "ಅಮ್ಮ, ದುಃಖದಲ್ಲಿದ್ದೀರಿ. ಆದರೆ ಗುರುತು ಹೊತ್ತವರಿಗೆ ಪರಲೋಕದ ಬಾಗಿಲು ಮುಚ್ಚುತ್ತೆ ಅನ್ನೋದು ನನ್ನ ಮಾತಲ್ಲ," ಎಂದರು.

"ಮುಚ್ಚಲಿ ಸ್ವಾಮಿ. ಹಾಗಾದ್ರೆ ನಾನೂ ಹೊರಗೇ ಇರ್ತೀನಿ. ಇಷ್ಟು ಚಿಕ್ಕ ಮಗು, ಹೊರಗೆ ಒಂದೇ ಏನು ಮಾಡುತ್ತೆ?"

ಅಣ್ಣ ಕತ್ತರಿಯನ್ನು ಪಾಲಕರ ಕೈಗೆ ಕೊಟ್ಟು, ತಾನೇ ಗುಂಡಿಯೊಳಗೆ ಇಳಿದು, ಮಗುವನ್ನು ಕೊಡು ಎಂದು ಹೆಂಡತಿಯ ಕಡೆ ಎರಡೂ ಕೈ ಚಾಚಿದ.