ಜರ್ಮನ್ ದೋಣಿಯ ಕೆಂಪು ಬಣ್ಣ

ಆದೋನಿಯ ಹತ್ತಿ ಸಾವುಕಾರ ಮರಿಬಸಪ್ಪನವರು ಒಳ್ಳೆಯವರೇ. ಆದರೆ ಅಚ್ಚಾದ ಕಾಗದದಲ್ಲಿ ಇದ್ದದ್ದನ್ನು ದೇವರೇ ಬಂದು ಅಲ್ಲ ಅಂದರೂ ಕೇಳುವವರಲ್ಲ. ಯುದ್ಧ ಮುಗಿದ ಮರುವರ್ಷ ಮದರಾಸಿನ ಮಿಲಿಟರಿ ಹರಾಜಿನಲ್ಲಿ ಎರಡು ಅಲ್ಯೂಮಿನಿಯಂ ದೋಣಿ ಹಿಡಿದು ತಂದರು. ಬೆಳಗಲ್ ಹತ್ತಿರ ತುಂಗಭದ್ರೆಯ ರೇವಿನಲ್ಲಿ ಒಂದನ್ನು ಅಂಬಿಗ ಉಚ್ಚೀರಪ್ಪನಾದ ನನಗೆ ಒಪ್ಪಿಸಿದರು, ಮೇಲಿನ ರೇವಿನಲ್ಲಿ ಇನ್ನೊಂದನ್ನು ನನ್ನ ಹೆಂಡತಿಯ ತಮ್ಮ ಕೆಂಚಣ್ಣನಿಗೆ. ಆ ಲೋಹದ ಪಾತ್ರೆಗೆ ನಮ್ಮ ಕಡೆ ಜರ್ಮನ್ ಅನ್ನುತ್ತಾರೆ. ಹೀಗಾಗಿ ಜರ್ಮನರ ಮೇಲೆ ಯುದ್ಧಕ್ಕೆ ಮಾಡಿಸಿದ್ದ ದೋಣಿಗೂ ಜರ್ಮನ್ ದೋಣಿ ಅಂತಲೇ ಹೆಸರಾಯಿತು. ದೋಣಿ ಕೆಟ್ಟರೆ ರೇವು ಬೇರೆಯವರ ಪಾಲು ಎಂದು ಸಾವುಕಾರರು ಮೊದಲ ದಿನವೇ ಹೇಳಿದ್ದರು.

ಮಳೆಗಾಲ ಕಳೆದು ನೀರು ತಿಳಿಯಾದಾಗ ದೋಣಿಯ ತಳಕ್ಕೆ ಪಾಚಿ ಹತ್ತಿತು. ಪಾಚಿ ಹತ್ತಿದರೆ ದೋಣಿ ಭಾರ. ತೆಂಗಿನ ನಾರಿನಿಂದ ತಿಕ್ಕಿದರೆ ಹೋಗುತ್ತದೆ, ಅಷ್ಟೇ ಸಂಗತಿ. ಸಾವುಕಾರರು ಮಾತ್ರ ಮದರಾಸಿನಿಂದ ಕೆಂಪು ಬಣ್ಣದ ಡಬ್ಬಿ ತರಿಸಿದರು. ಅದರಲ್ಲಿ ತಾಮ್ರ ಬೆರೆಸಿದ್ದಾರಂತೆ, ಪಾಚಿ ಹತ್ತದಿರಲೆಂದು ಹಡಗುಗಳ ತಳಕ್ಕೆಲ್ಲ ಅದನ್ನೇ ಬಳಿಯುತ್ತಾರಂತೆ.

ಬುತ್ತಿ ತಂದಿದ್ದ ನನ್ನ ಹೆಂಡತಿ ಗಂಗಕ್ಕ ಇದನ್ನು ಕೇಳಿ ಸುಮ್ಮನಿರಲಿಲ್ಲ.

"ತಾಮ್ರ ಬ್ಯಾಡ್ರಿ ಸಾವ್ಕಾರ್ರ. ನಮ್ಮ ತಾಮ್ರದ ಹಂಡೇಕ ಜರ್ಮನ್ ತಾಟು ಮುಚ್ಚಿ ಇಡತಿದ್ದೆ. ಒಂದು ಮಳಿಗಾಲಕ್ಕ ತಾಟು ಜಲ್ಲಡಿ ಆತ್ರಿ."

ಸಾವುಕಾರರು ನಕ್ಕು, ಡಬ್ಬಿಯ ಮೇಲೆ ಹಡಗಿನ ಚಿತ್ರವೇ ಇದೆ ನೋಡು ಅಂದರು. ಆ ಹಡಗು ಕಟ್ಟಿಗೆಯದೋ ಜರ್ಮನ್ನಿನದೋ ಎಂದು ನಾನು ಕೇಳಿದರೆ, ಸೋಮವಾರದೊಳಗೆ ಬಳಿದಿರಬೇಕು ಎಂದು ಹೇಳಿ ಬಂಡಿ ಹತ್ತಿದರು.

ಬಳಿದರೆ ದೋಣಿ ಹೋಗುತ್ತದೆ, ಬಳಿಯದಿದ್ದರೆ ರೇವು ಹೋಗುತ್ತದೆ. ಕೊನೆಗೆ ಬಣ್ಣವನ್ನು ಮರಳಿನಲ್ಲಿ ಸುರಿದು ಮುಚ್ಚಿದೆ. ಗೋಡೆ ಸಾರಿಸುವ ಕೆಮ್ಮಣ್ಣನ್ನು ಅಗಸೆ ಎಣ್ಣೆಯಲ್ಲಿ ಕಲಸಿ ತಳಕ್ಕೆ ಬಳಿದೆ. ವಾರಕ್ಕೊಮ್ಮೆ ದಂಡೆಗೆಳೆದು ಪಾಚಿ ತಿಕ್ಕಿ, ಮತ್ತೆ ಬಳಿಯುತ್ತಿದ್ದೆ. ರಟ್ಟೆ ಬಿದ್ದುಹೋಗುತ್ತಿತ್ತು. ದೋಣಿ ಹಗುರಾಗಿ ಓಡಿತು, ಹೆಸರು ಬಣ್ಣಕ್ಕೆ ಬಂತು.

ಸಾವುಕಾರರು ಹಿಗ್ಗಿ ಮೇಲಿನ ರೇವಿಗೆ ಹೋಗಿ, ಎದುರಿಗೆ ನಿಂತು ಕೆಂಚಣ್ಣನ ಕೈಯಲ್ಲಿ ಆ ತಾಮ್ರದ ಬಣ್ಣ ಬಳಿಸಿದರು. ಸುದ್ದಿ ತಿಳಿದಾಗಲಾದರೂ ನಾನು ಹೇಳಬೇಕಿತ್ತು. ಹೇಳಿದರೆ ನನ್ನ ಮೋಸ ಬಯಲಾಗುತ್ತದೆ ಎಂದು ಹೆದರಿ ಬಾಯಿ ಮುಚ್ಚಿಕೊಂಡೆ. ಆ ತಪ್ಪು ನನ್ನದು.

ಮೂರು ತಿಂಗಳಿಗೆ ಕೆಂಚಣ್ಣನ ದೋಣಿಯ ತಳ ತೂತುಬಿದ್ದು ಮೆಣಸಿನಕಾಯಿ ಚೀಲಗಳ ಸಮೇತ ಮುಳುಗಿತು. ಜನ ಈಜಿ ಪಾರಾದರು. ಉಚ್ಚೀರಪ್ಪನ ದೋಣಿಗೂ ಅದೇ ಬಣ್ಣ, ಅದಕ್ಕೇನೂ ಆಗಿಲ್ಲ, ಇವನೇ ಬಂಡೆಗೆ ಉಜ್ಜಿ ಕೆಡಿಸಿದ್ದಾನೆ ಎಂದು ಸಾವುಕಾರರು ಅವನನ್ನು ರೇವಿನಿಂದ ತೆಗೆದರು. ಗಂಗಕ್ಕ ನನ್ನ ಮುಖ ನೋಡಿ ಮಾತಾಡುವುದನ್ನೇ ಬಿಟ್ಟಳು. ನಾಚಿಕೆಯಾಯಿತು. ಸಾವುಕಾರರು ನಮ್ಮ ರೇವಿಗೆ ಬಂದ ದಿನ ದೋಣಿ ಮಗುಚಿ ಹಾಕಿ ಅವರೆದುರು ನಿಂತೆ.

"ಸಾವ್ಕಾರ್ರ, ನಾ ನಿಮ್ಮ ಬಣ್ಣ ಹಚ್ಚೇ ಇಲ್ರಿ. ಇದು ಕೆಮ್ಮಣ್ಣು. ಕೆಂಚಣ್ಣಂದು ಏನೂ ತಪ್ಪಿಲ್ಲ."

ಉಗುರಿನಿಂದ ಕೆರೆದು ತೋರಿಸಿದೆ. ಅವರು ನನ್ನ ಹೆಗಲ ಮೇಲೆ ಕೈಯಿಟ್ಟರು.

"ಹೆಣ್ತಿ ತಮ್ಮನ್ನ ಉಳಿಸಾಕ ಇಂಥ ಸುಳ್ಳು ಬ್ಯಾಡ ಉಚ್ಚೀರಪ್ಪ. ನಿನ್ನಂಥ ನಂಬಿಗಸ್ತ ಈ ಹೊಳಿ ಮ್ಯಾಲ ಯಾವನೂ ಇಲ್ಲ."

ಆಣೆ ಮಾಡಿದೆ. ಕಣ್ಣೀರು ಹಾಕಿದೆ. ಅವರಿಗೆ ನನ್ನ ಮೇಲೆ ಪ್ರೀತಿ ಇನ್ನೂ ಹೆಚ್ಚಿತು. ಇಷ್ಟು ಸುಲಭವಾಗಿ ಕೆರೆದು ಬರುತ್ತಿದೆಯೆಂದರೆ ಬಣ್ಣ ಸವೆದಿದೆ, ಇನ್ನೊಂದು ಕೈ ಬಳಿಯಬೇಕು ಅಂದರು. ಬಂಡಿಯಿಂದ ಹೊಸ ಡಬ್ಬಿ ಇಳಿಸಿದರು. ಮೇಲಿನ ರೇವೂ ಇನ್ನು ನಿನ್ನದೇ ಎಂದು ಹೇಳಿ, ಬೇವಿನ ನೆರಳಲ್ಲಿ ನನ್ನೆದುರಿಗೇ ಚಾಪೆ ಹಾಸಿ ಕೂತರು.

ನಾನು ಬಳಿಯತೊಡಗಿದೆ. ಒಂದು ಮಗ್ಗುಲು ಮುಗಿದಾಗ, ಅಲ್ಲೊಂದು ಮೂಲೆ ಬಿಟ್ಟಿದ್ದೀಯ ಎಂದು ಸಾವುಕಾರರು ಬೆರಳು ತೋರಿಸಿದರು. ಅದನ್ನೂ ಬಳಿದೆ.