ಟಾರು ರಸ್ತೆಯ ಮೇಲೆ ಒಕ್ಕಣೆ

"ಗಾಜು ಮುಟ್‌ಬ್ಯಾಡ ಕಣೇ, ಬೋಸುಡಿ! ಆಮ್ಯಾಕೆ ನಿಮ್ಮಪ್ಪ ತೊಳೀತಾನಾ?"

ಮುನಿರಾಜು ಗದರಿದ ಮೇಲೆ ಅಕ್ಕಯ್ಯಮ್ಮ ಕಾರಿನಿಂದ ಕೈ ತೆಗೆದಳು. ಚಿಕ್ಕಜಾಲದ ಆಚೆ ಅವಳ ಹೊಲದ ಸುತ್ತ ಇದ್ದದ್ದೆಲ್ಲ ಅವನದೇ ಲೇಔಟು. ನಡುವೆ ಹಲ್ಲುಸಂದಿಯ ನಾರಿನಂತೆ ಉಳಿದಿದ್ದು ಇವಳ ಒಂದೂವರೆ ಎಕರೆ, ಮಾವ ಊರಿನ ತೋಟಿ ಕೆಲಸ ಮಾಡಿ ಇನಾಮಾಗಿ ಪಡೆದದ್ದು. ಎಲ್ಲಿ ಹೊಲ, ಎಲ್ಲಿ ಮನೆ, ಎಲ್ಲಿ ರಸ್ತೆ ಎಂದು ಹೊಸ ನಕ್ಷೆ ಬರೆಯಲು ಬಂದಿದ್ದ ಆಫೀಸರು ಮುನಿರಾಜುವಿನ ಕಾರಿನೊಳಗೇ ತಣ್ಣಗೆ ಕೂತಿದ್ದರು.

ಗಾಜು ನಾಲ್ಕು ಬೆರಳು ಇಳಿಯಿತು.

"ಏನಮ್ಮಾ ಬೆಳೆ? ಏನೂ ಕಾಣ್ತಿಲ್ವಲ್ಲ?"

"ರಾಗಿ ಬುದ್ದಿ. ಕುಯ್ದು ಮೆದೆ ಆಕಿದೀವಿ. ಅಗಾ, ಅಲ್ಲೈತೆ."

"ನಾವು ಹೊಲದಲ್ಲಿ ನಿಂತಿರೋ ಬೆಳೆ ನೋಡೋದಮ್ಮ. ಇಲ್ಲಾಂದ್ರೆ ಖಾಲಿ ಅಂತ್ಲೇ ಬರೀಬೇಕು."

"ಖಾಲಿ ಅಂತ ಬರೆದ್ರೆ ಏನಾಯ್ತದೆ?"

"ಲೇಔಟಿಗೆ ರಸ್ತೆ ಬೇಕಲ್ಲ, ಇದರ ಮೇಲೆ ಬರುತ್ತೆ."

"ಪಾಳು ಬಿದ್ದದೆ ಸಾರ್, ಬರ್ಕೊಳಿ," ಎಂದು ಮುನಿರಾಜು ನಕ್ಕ. "ಈ ಕೇರಿಯೋರ್ಗೆ ಗೇಯೋಕೆ ಎಲ್ಲಿ ಬತ್ತದೆ?"

ಅಕ್ಕಯ್ಯಮ್ಮ ಮೆದೆಯ ಕಡೆ ತಿರುಗಿದಳು. ಕುಯ್ಯದೆ ಒಣಗಲು ಬಿಟ್ಟಿದ್ದರೆ ಬೆಳೆಯಂತೆ, ಕುಯ್ದರೆ ಪಾಳಂತೆ! ಇವರ ಮನೇಲಿ ಮುದ್ದೆಯನ್ನು ಹೊಲದಲ್ಲಿ ನಿಲ್ಲಿಸಿಯೇ ತಿನ್ನುತ್ತಾರೇನೋ.

ಕಾರು ಕೆರೆಯ ಕಡೆಗೆ ಹೋಯಿತು. ಆಚೆ ದಾರಿಯಿಲ್ಲ, ವಾಪಸು ಇಲ್ಲೇ ಬರಬೇಕು.

"ಮೆದೆ ಕೀಳು," ಎಂದಳು ಬದುವಿನ ಮೇಲೆ ಕೂತಿದ್ದ ಗಂಡನಿಗೆ.

ಚಿಕ್ಕಹನುಮಯ್ಯ ಬೀಡಿ ಎಸೆದು ಎದ್ದ. "ಇವತ್ತೇ ಒಕ್ಕಣೇನಾ?"

"ಇವತ್ತೇ."

ಟಾರು ಬಂದಾಗಿನಿಂದ ಊರವರೆಲ್ಲ ಒಕ್ಕುವುದು ರಸ್ತೆಯ ಮೇಲೇ. ತೆನೆ ತೆಳ್ಳಗೆ ಹರಡಿದರೆ ಸಾಕು, ಹೋಗಿ ಬರುವ ಗಾಡಿಗಳೇ ತುಳಿದು ಕೊಡುತ್ತವೆ. ಅಕ್ಕಯ್ಯಮ್ಮ ತೆಳ್ಳಗೆ ಹರಡಲಿಲ್ಲ. ಈ ಚರಂಡಿಯಿಂದ ಆ ಚರಂಡಿವರೆಗೆ, ಮಂಡಿಯುದ್ದ, ಹುಲ್ಲು ಸಮೇತ ಪೂರ್ತಿ ಮೆದೆಯನ್ನೇ ಸುರಿದಳು.

ಕಾರು ಬಂತು, ನಿಂತಿತು. ಮುನಿರಾಜುವೂ ರಾಗಿ ಒಕ್ಕಿದವನೇ. ಅಷ್ಟು ಹುಲ್ಲಿನ ಮೇಲೆ ಹತ್ತಿಸಿದರೆ ಚಕ್ರಕ್ಕೆ ಸುತ್ತಿಕೊಂಡು ಅಡಿಯಿಂದ ಬೆಂಕಿ ಹತ್ತುತ್ತದೆಂದು ಅವನಿಗೆ ಗೊತ್ತು. ಇಳಿದು ಬಂದವನ ಮುಖ ಕೆಂಪಗಾಗಿತ್ತು.

"ತೆಗಿಯೇ ಇದ್ನ, ಲೌಡಿ!"

ಈ ಸಲ ಗಾಜು ಪೂರ್ತಿ ಇಳಿಯಿತು. "ಏನಮ್ಮಾ ಇದು? ತೆಗೀರಿ, ನಾವು ಹೋಗ್ಬೇಕು," ಎಂದರು ಆಫೀಸರು.

ಅಕ್ಕಯ್ಯಮ್ಮ ರಾಗಿಯ ನಡುವೆ ಕಾಲು ಚಾಚಿ ಕೂತು, ಎಲೆಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಚಿ ಬಾಯಿಗೆ ಹಾಕಿಕೊಂಡಳು.

"ಏನ್ ತೆಗೀಲಿ ಸ್ವಾಮಿ? ಖಾಲಿ ಐತಲ್ಲ. ಓಡ್ಸಿ."