ತಿರುಗಿಸಿಟ್ಟ ಕೋಣೆ

ವಿನೆಟ್‌ಗೆ ಕೈಕಟ್ಟಿ ಕೂತು ಗೊತ್ತಿರಲಿಲ್ಲ. ಮೀನಿನ ಪೆಟ್ಟಿಗೆ ಸಿಕ್ಕರೆ ಉಜ್ಜಿ ತೊಳೆದು, ಬಣ್ಣ ಬಳಿದು, ಗೋಡೆಗೆ ಹೊಡೆದು ಗೂಡು ಮಾಡುವಳು. ಹಾಲಿನ ಡಬ್ಬ ಖಾಲಿಯಾದರೆ ಅದು ಹೂವಿನ ಕುಂಡ. ಹಿಟ್ಟಿನ ಚೀಲ ಬಿಚ್ಚಿದರೆ ಕಿಟಕಿಗೆ ಪರದೆ, ಪರದೆ ಹರಿದರೆ ದಿಂಬಿಗೆ ಹೊದಿಕೆ. ಇದಕ್ಕೆಲ್ಲ ಯಾರ ತಕರಾರೂ ಇರಲಿಲ್ಲ. ಆದರೆ ಮನೆಯ ಸಾಮಾನು ಒಂದೇ ಜಾಗದಲ್ಲಿ ನಾಲ್ಕು ದಿನ ಕೂತರೆ ಅವಳಿಗೆ ಮೈ ಪರಚಿಕೊಳ್ಳುವಂತಾಗುತ್ತಿತ್ತು. ಮನೆಯೆಂದರೆ ಒಂದು ಕೋಣೆ, ಮುಂದೊಂದು ಜಗಲಿ, ಹಿಂದೆ ತಗಡಿನ ಅಡುಗೆಮನೆ. ಕೋಣೆಯಲ್ಲಿ ಮಂಚ, ಬೀರು, ಮೇಜು, ಮೂಲೆಯಲ್ಲಿ ಗಾಜಿನ ಗೊಂಬೆಗಳ ಕಪಾಟು. ಅಷ್ಟನ್ನೇ ಎಳೆದಾಡಿ ಅವಳು ಎಷ್ಟು ಬಗೆಯ ಮನೆ ಮಾಡಿದ್ದಳೋ ದೇವರೇ ಬಲ್ಲ.

ಅದರ ಪೆಟ್ಟು ಬೀಳುತ್ತಿದ್ದುದು ಗಂಡ ಲಾಸೆಲ್ಸ್‌ನ ಮೊಣಕಾಲಿಗೆ. ಬಾಳೆ ಎಸ್ಟೇಟಿನ ಲಾರಿ ಇಳಿಬಿಸಿಲಿನಲ್ಲಿ ಅವನನ್ನು ಸೇತುವೆಯ ಹತ್ತಿರ ಇಳಿಸಿ ಹೋಗುತ್ತಿತ್ತು. ಹೊರಗಿನ ಬೆಳಕಿನಿಂದ ಒಳಗೆ ಬಂದವನಿಗೆ ಮೊದಲು ಏನೂ ಕಾಣದು. ಬೆಳಗ್ಗೆ ಬಯಲಾಗಿದ್ದ ಜಾಗದಲ್ಲಿ ಈಗ ಮೇಜು. ದಡ್ಡನೆ ಬಡಿದು, ಹಲ್ಲಿನ ಸಂದಿಯಿಂದ ಸ್ಸ್ ಎಂದು ಉಸಿರೆಳೆದು ಕುಂಟುತ್ತಿದ್ದ.

"ಏನೇ ವಿನ್ನಿ, ಇವತ್ತು ಯಾರ ಮನೆಗೆ ಬಂದೆ ನಾನು?"

"ನಿನ್ನ ಮನೆಗೇ ಬಂದಿದೀಯ. ಕುಡಿದೋನ ಥರ ಆಡಬೇಡ."

"ಮಂಚ ಎಲ್ಲೇ? ಮುನಿಸ್ಕೊಂಡು ತವರಿಗೆ ಹೋಯ್ತಾ?"

ಬಯ್ಯುತ್ತಲೇ ಮಂಚ ಹುಡುಕಿ ಅದರ ಅಂಚಿಗೆ ಕೂತು ಬೂಟು ಬಿಚ್ಚುವನು. ಬೂಟು ಹಾಕಿಕೊಂಡು ಮಂಚದಿಂದಾಚೆ ನೆಲ ತುಳಿದರೆ ಮಾತ್ರ ವಿನೆಟ್ ಸುಮ್ಮನಿರುತ್ತಿರಲಿಲ್ಲ. ಕೆಂಪು ಮೇಣ ಹಚ್ಚಿ, ತೆಂಗಿನ ಸಿಪ್ಪೆಯಲ್ಲಿ ಮಂಡಿಯೂರಿ ಉಜ್ಜಿ ಹೊಳಪು ತಂದ ನೆಲ ಅದು.

ಅವನು ಸತ್ತ ದಿನ ಬೆಳಗ್ಗೆಯೂ ಅವಳು ಕೋಣೆ ಬದಲಿಸಿದ್ದಳು. ಅವನು ಅತ್ತ ಲಾರಿ ಹತ್ತುತ್ತಲೇ ಇತ್ತ ಮಂಚ ಎಳೆದು ಅಡುಗೆಮನೆಯ ಕಡೆಯ ಗೋಡೆಗೆ ತಾಗಿಸಿದಳು. ಕಂದು ಬೀರುವಿಗೆ ಗೇಟಿನ ಕೆಲಸದಲ್ಲಿ ಉಳಿದಿದ್ದ ಹಸಿರು ಬಣ್ಣ ಬಳಿದಳು. ಹೊಸ ಪರದೆ ಕಟ್ಟಿ, ಹಿಂದೆ ಸರಿದು, ಸೊಂಟಕ್ಕೆ ಕೈಯಿಟ್ಟು ಚಂದ ನೋಡುತ್ತಿದ್ದಾಗ ಎಸ್ಟೇಟಿನವನೊಬ್ಬ ಟೋಪಿ ಕೈಯಲ್ಲಿ ಹಿಡಿದು ಬಾಗಿಲಲ್ಲಿ ನಿಂತ. ಲಾಸೆಲ್ಸ್ ಊಟದ ಡಬ್ಬಿ ಬಿಚ್ಚುತ್ತಿದ್ದವನು ಹಾಗೇ ಬಾಳೆಯ ಬುಡಕ್ಕೆ ಒರಗಿದನಂತೆ. ಎದೆ ನಿಂತುಹೋಗಿತ್ತಂತೆ.

ಆ ಬಾಳೆತೋಟಗಳ ಕಡೆಯ ಜನಕ್ಕೆ ಹೂಳಿದ ಮಾತ್ರಕ್ಕೆ ಸತ್ತವರ ಕೆಲಸ ಮುಗಿಯುವುದಿಲ್ಲ. ಸತ್ತವನು ಡಪ್ಪಿಯಾಗಿ, ಅಂದರೆ ಪ್ರೇತವಾಗಿ, ಅಂಗಳದಲ್ಲೇ ಸುತ್ತುತ್ತಿರುತ್ತಾನೆ. ಒಂಬತ್ತನೆಯ ರಾತ್ರಿ ಒಳಗೆ ಬಂದು, ತನ್ನ ಮಂಚದ ಮೇಲೆ ಒಂದು ಗಳಿಗೆ ಕೂತು, ಎಲ್ಲರನ್ನೂ ನೋಡಿ, ಹೊರಡುತ್ತಾನೆ. ಅವನು ಹೊರಟ ಮೇಲೆ ಕೋಣೆಯ ಸಾಮಾನನ್ನೆಲ್ಲ ತಿರುಗಿಸಿಡಬೇಕು. ಮನಸ್ಸು ತಡೆಯದೆ ಮರುದಿನ ಬಂದರೂ ಇದು ಬೇರೆ ಯಾರದೋ ಮನೆ ಅಂದುಕೊಂಡು ಅವನು ತನ್ನ ದಾರಿ ಹಿಡಿಯುತ್ತಾನೆ. ಅಲ್ಲಿಗೆ ಅವನಿಗೂ ನೆಮ್ಮದಿ, ಇದ್ದವರಿಗೂ ನೆಮ್ಮದಿ.

ಒಂಬತ್ತನೆಯ ರಾತ್ರಿ ಊರೆಲ್ಲ ಸೇರಿತು. ಹಾಡಾಯಿತು, ಕರಿದ ಮೀನಾಯಿತು, ರಮ್ಮೂ ಆಯಿತು. ಲಾಸೆಲ್ಸ್‌ನನ್ನು ಸಾಕಿದ ಸೋದರತ್ತೆ ಮಿಸ್ ಕ್ಲೆಮಿ ಎದ್ದು, "ಇನ್ನು ತಿರುಗ್ಸಿ" ಎಂದಳು. ಗಂಡಸರು ಮಂಚ ಎತ್ತಿದರು. ವಿನೆಟ್‌ಗೆ ಆಗ ಹೊಳೆಯಿತು: ಕೋಣೆ ಮೊದಲೇ ತಿರುಗಿತ್ತು. ಅವನು ಬಂದಿದ್ದರೂ ಈ ಹಸಿರು ಬೀರು, ಈ ಪರದೆ ಯಾವುದೂ ಅವನದಲ್ಲ. ಆದರೆ ಗಂಡ ಪ್ರಾಣ ಬಿಡುವ ಹೊತ್ತಿಗೆ ನಾನು ಬಣ್ಣ ಹೊಡೆಯುತ್ತಿದ್ದೆ ಎಂದು ಅಷ್ಟು ಜನರೆದುರು ಹೇಗೆ ಹೇಳುವುದು? ನಾಚಿಕೆಯಿಂದ ಅವಳೂ ಮೇಜಿಗೆ ಕೈ ಹಾಕಿ ಸರಿಸಿದಳು.

ಅದಾದ ಮೇಲೊಂದು ದಿನ ಇಳಿಬಿಸಿಲಿನಲ್ಲಿ ಅವಳು ಅಡುಗೆಮನೆಯಲ್ಲಿ ಗೆಣಸು ಹೆಚ್ಚುತ್ತಿದ್ದಳು. ಸೇತುವೆಯ ಹತ್ತಿರ ಲಾರಿ ನಿಂತು ಮುಂದೆ ಹೋಯಿತು. ಸ್ವಲ್ಪ ಹೊತ್ತಿಗೆ ಜಗಲಿಯ ಮೇಲೆ ಬೂಟಿನ ಸದ್ದು. ಬಾಗಿಲು ದಾಟಿ ಎರಡು ಹೆಜ್ಜೆ. ದಡ್. ಆಮೇಲೆ ಹಲ್ಲಿನ ಸಂದಿಯಿಂದ ಸ್ಸ್ ಎಂಬ ಉಸಿರು.

ಹೆಜ್ಜೆ ಹೊರಗೆ ಹೋಯಿತು. ಮನೆಯ ಸುತ್ತ ನಡೆಯಿತು. ಹಲಗೆಯ ಗೋಡೆಯನ್ನು ಅಂಗೈಯಲ್ಲಿ ಸವರುತ್ತ ನಡೆಯುವ ಸದ್ದು ಅವಳ ಬೆನ್ನ ಹಿಂದೆಯೇ ಹಾದುಹೋಯಿತು. ಅಡುಗೆಮನೆಯ ಸಂದಿಯಲ್ಲಿ ಕಣ್ಣಿಟ್ಟು ನೋಡಿದಳು. ಬಿಸಿಲು ಚೆನ್ನಾಗಿಯೇ ಇತ್ತು. ಅಂಗಳದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಮರುದಿನವೂ ಬಂತು. ಅದರ ಮರುದಿನವೂ ಬಂತು. ಕೊನೆಗೆ ಅವಳು ಹೋಗಿ ಮಿಸ್ ಕ್ಲೆಮಿಯನ್ನು ಕರೆತಂದು ಏನೂ ಹೇಳದೆ ಕೂರಿಸಿದಳು. ಲಾರಿ ಬಂತು, ಬೂಟು ಬಂತು, ದಡ್ ಎಂದಿತು. ಮುದುಕಿಯ ಕೈಯ ಕಾಫಿ ಮಡಿಲಿಗೆ ಚೆಲ್ಲಿತು. ಗೋಡೆ ಸವರುವ ಸದ್ದು ಮುಗಿದದ್ದೇ ಅವಳು ವಿನೆಟ್ ಕಡೆ ತಿರುಗಿದಳು.

"ನನ್ನ ಮಗು ಬಾಗಿಲಲ್ಲೇ ಅಲೀತಿದೆಯಲ್ಲೇ! ಬಂದು ಕೂತು ಹೋದೋನು ಹೀಗೆ ಅಲೆಯೋದಿಲ್ಲ. ನಿಜ ಹೇಳು, ಏನು ಮಾಡಿದೀಯ?"

ವಿನೆಟ್ ಎಲ್ಲವನ್ನೂ ಹೇಳಿದಳು.

"ಅಯ್ಯೋ ನಿನ್ನ ಕೈ ಸೇದಿಹೋಗ! ಒಂದು ದಿನ, ಒಂದೇ ಒಂದು ದಿನ ಸುಮ್ಮನೆ ಕೂರೋಕಾಗ್ಲಿಲ್ವೇನೇ? ಅವನು ಇನ್ನೂ ಮನೆಗೇ ಬಂದಿಲ್ಲ. ಹೋಗು ಅಂದ್ರೆ ಎಲ್ಲಿಂದ ಹೋಗ್ತಾನೆ?"

"ಈಗೇನು ಮಾಡ್ಲಿ, ಮಿಸ್ ಕ್ಲೆಮಿ?"

"ಏನು ಮಾಡ್ತೀಯ? ಅವನು ಹೊರಟಾಗ ಹೇಗಿತ್ತೋ ಹಾಗೇ ಇಡು. ಅವನು ಬಂದು ಕೂರ್ಲಿ. ಕೂತೆದ್ದ ಮೇಲೆ ತಿರುಗ್ಸು. ಇಲ್ದಿದ್ರೆ ನೀನು ಸಾಯೋವರೆಗೂ ಗೋಡೆ ಸವರ್ತಾನೇ ಇರ್ತಾನೆ."

ಹೇಳುವುದು ಸುಲಭ. ಹೇಗಿತ್ತು ಎಂದು ನೆನಪು ಬೇಡವೇ? ಕೆಂಪು ನೆಲದ ಮೇಲೆ ಮಂಚದ ಕಾಲಿನ ಗುರುತುಗಳು ಇದ್ದವು, ಆದರೆ ಎಲ್ಲ ಕಡೆಯೂ ಇದ್ದವು. ಅವಳು ಮಾಡಿ ಕೆಡವಿದ ಮನೆಗಳೆಲ್ಲ ಆ ನೆಲದಲ್ಲಿ ಉಳಿದಿದ್ದವು. ಯಾವುದು ಅವನ ಕೊನೆಯ ಮನೆ? ವಿನೆಟ್ ನಡುನೆಲದಲ್ಲಿ ಕೂತು ಕಣ್ಣು ಮುಚ್ಚಿ ಆ ಬೆಳಗನ್ನು ನೆನೆದಳು. ಅವನು ಮಂಚದ ಅಂಚಿಗೆ ಕೂತು ಬೂಟಿನ ದಾರ ಕಟ್ಟುತ್ತಿದ್ದ. ಕಿಟಕಿಯ ಪಟ್ಟಿಗಳಿಂದ ಬಂದ ಎಳೆಬಿಸಿಲು ಅವನ ಕತ್ತಿನ ಹಿಂಭಾಗಕ್ಕೆ ಬಿದ್ದಿತ್ತು. ಕತ್ತಿನ ಮೇಲೊಂದು ಸೊಳ್ಳೆ ಕೂತಿತ್ತು, ಅವಳು ಹೊಡೆದಿದ್ದಳು. ಹಾಗಾದರೆ ಮಂಚ ಕಿಟಕಿಯ ಕೆಳಗೆ, ತಲೆದೆಸೆ ಬಾಗಿಲ ಕಡೆ. ಅಷ್ಟು ಸಿಕ್ಕಿದ್ದಕ್ಕೆ ಅವಳಿಗೆ ಅಳುವೂ ಬಂತು, ಬಲವೂ ಬಂತು.

ಬೀರುವಿನ ಹಸಿರನ್ನು ಒಡೆದ ಗಾಜಿನ ಚೂರಿನಲ್ಲಿ ಕೆರೆದು ಕಂದು ಮರ ಕಾಣಿಸಿದಳು. ಬೆರಳು ಕುಯ್ದು ರಕ್ತ ಬಂದರೂ ಬಿಡಲಿಲ್ಲ. ಹೊಸ ಪರದೆ ಕಿತ್ತು, ಕೈಯೊರಸಲು ಹಾಕಿದ್ದ ಹಳೆಯದನ್ನು ಒಗೆದು ಕಟ್ಟಿದಳು. ಮೇಜನ್ನು ಗೋಡೆಗೆ ಸರಿಸಿದಳು, ಗಾಜಿನ ಗೊಂಬೆಗಳನ್ನು ಮೊದಲಿನ ಸಾಲಿನಲ್ಲಿ ನಿಲ್ಲಿಸಿದಳು. ತನ್ನ ಕೈಯಾರೆ ಏನನ್ನೂ ಹೊಸದಾಗಿ ಮಾಡದೆ ಅವಳು ದುಡಿದದ್ದು ಅದೇ ಮೊದಲು.

ಲಾರಿ ಬಂತು. ಬೂಟು ಜಗಲಿ ಹತ್ತಿ ಒಳಗೆ ಬಂದವು. ಯಾವುದಕ್ಕೂ ಬಡಿಯಲಿಲ್ಲ. ನೆಟ್ಟಗೆ ನಡೆದು ಬಂದು ಮಂಚದ ಹತ್ತಿರ ನಿಂತವು. ಹಾಸಿಗೆಯ ಅಂಚು ಕುಗ್ಗಿತು. ಒಂದು ಬೂಟು ನೆಲಕ್ಕೆ ಬಿತ್ತು, ಆಮೇಲೆ ಇನ್ನೊಂದು. ಕಣ್ಣಿಗೆ ಮಾತ್ರ ಏನೂ ಕಾಣಲಿಲ್ಲ. ಬಾಳೆಯ ಸೊನೆಯ ವಾಸನೆ ಕೋಣೆ ತುಂಬಿತು. ವಿನೆಟ್ ಹೋಗಿ ಆ ಕುಗ್ಗಿದ ಜಾಗದ ಪಕ್ಕ ಕೂತಳು. ಭಯ ಹೋಗಿತ್ತು. ಅವಳಿಗೆ ಸುಖವಾಯಿತು, ಅದನ್ನು ಮುಚ್ಚಿಡುವುದೇಕೆ?

"ಊಟ ಮುಟ್ಟದೇ ಹೋದೆಯಲ್ಲೋ" ಎಂದಳು.

ಅವನು ಎದ್ದು ಹೋದ ಮೇಲೆ ಅವಳು ಕೋಣೆ ತಿರುಗಿಸಬೇಕಿತ್ತು. ಮಂಚದ ಕಾಲಿಗೆ ಕೈ ಹಾಕಿದಳು, ಕೈ ತೆಗೆದಳು. ಇನ್ನೊಂದು ದಿನ ಬರಲಿ, ಎಂದುಕೊಂಡಳು.

ಅವನು ಬಂದ. ದಿನಾ ಬಂದ. ಆ ಹೆಂಗಸು ಒಂದು ಸಾಮಾನನ್ನೂ ಬೆರಳಿನಷ್ಟು ಕದಲಿಸಲಿಲ್ಲ. ನೆಲ ಉಜ್ಜಲಿಲ್ಲ, ಗೊಂಬೆಗಳ ಧೂಳು ಒರಸಲಿಲ್ಲ. ಎಲ್ಲಿ ಏನು ಸರಿದು ಅವನಿಗೆ ದಾರಿ ತಪ್ಪೀತೋ ಎಂದು ಮೈ ಹಿಡಿಮಾಡಿಕೊಂಡು ನಡೆಯುತ್ತಿದ್ದಳು. ಇಳಿಬಿಸಿಲು ಬಿಟ್ಟರೆ ಉಳಿದ ಹಗಲೆಲ್ಲ ಅವಳಿಗೆ ಬೇಡವಾಯಿತು.

ಮಿಸ್ ಕ್ಲೆಮಿ ಬಂದಾಗ ಒಲೆಯ ಮೇಲೆ ಅನ್ನವಿತ್ತು. ಮುದುಕಿ ಒಂದಗುಳು ಬಾಯಿಗೆ ಹಾಕಿಕೊಂಡವಳು ಅಲ್ಲೇ ಉಗಿದಳು.

"ಉಪ್ಪೆಲ್ಲೇ?"

"ಅವನಿಗೂ ಇಡ್ತೀನಲ್ಲ, ಅದಕ್ಕೇ ಹಾಕಿಲ್ಲ."

"ಉಪ್ಪಿಲ್ದೆ ತಿನ್ನೋದು ಡಪ್ಪಿಗಳು. ನೀನು ಯಾಕೆ ತಿಂತಿದೀಯ?" ಮುದುಕಿ ಅವಳ ರಟ್ಟೆ ಹಿಡಿದು ನೋಡಿದಳು. ಕೈಗೆ ಸಿಕ್ಕಿದ್ದು ಬರೀ ಮೂಳೆ. "ಅವನನ್ನ ಇಟ್ಕೊಂಡಿದೀಯ, ಅಲ್ವಾ? ತಿರುಗ್ಸಿಲ್ಲ!"

"ಅವನಾಗೇ ಬರ್ತಾನೆ."

"ಬರ್ದೆ ಏನು ಮಾಡ್ತಾನೆ? ಮನೆ ಗುರುತು ಸಿಕ್ಕೋರೆಲ್ಲ ಮನೆಗೇ ಬರೋದು. ನಾನು ತಿರುಗ್ಸೋಕೆ ಬರೋದಿಲ್ಲ, ನೋಡು. ಆ ಕೈ ನಿಂದೇ ಆಗ್ಬೇಕು. ಭಾನುವಾರ ಇಲ್ಲೇ ಇದ್ದು ಅವನ ಉಸಿರು ಕೇಳು."

ಮುದುಕಿ ಹೋದದ್ದೇ ಒಳ್ಳೆಯದಾಯಿತು ಎಂದುಕೊಂಡಳು ವಿನೆಟ್. ಆದರೆ ಆ ಮಾತು ಒಳಗೆ ಕೂತುಬಿಟ್ಟಿತು.

ಭಾನುವಾರ ಎಸ್ಟೇಟಿಗೆ ರಜೆ. ಬದುಕಿದ್ದಾಗ ಲಾಸೆಲ್ಸ್ ಆ ದಿನ ಇಗರ್ಜಿಗೂ ಹೋಗದೆ ಬಿದ್ದುಕೊಳ್ಳುತ್ತಿದ್ದ. ಸಿಡಿಲು ಬಡಿದರೂ ಏಳುತ್ತಿರಲಿಲ್ಲ. ಆ ದಿನ ಸೇತುವೆಯ ಹತ್ತಿರ ಲಾರಿ ಬರಲಿಲ್ಲ, ಆದರೆ ಬೂಟು ಬಂದವು. ಎಷ್ಟೋ ದೂರದಿಂದ ನಡೆದು ಬಂದವನ ಎಳೆದಾಡುವ ಹೆಜ್ಜೆ. ಹಾಸಿಗೆ ಕುಗ್ಗಿತು. ಬೂಟು ಬೀಳುವುದನ್ನು ಕಾದಳು. ದಾರ ಬಿಚ್ಚಲು ಬಗ್ಗುವಷ್ಟೂ ಶಕ್ತಿ ಇಲ್ಲದವನಂತೆ ಅವನು ಸುಮ್ಮನೆ ಕೂತಿದ್ದ. ಉಸಿರು ಮಾತ್ರ ಏದುತ್ತಿತ್ತು. ದಿನವಿಡೀ ಬಾಳೆಗೊನೆ ಹೊತ್ತು ಬಂದವನ ಉಸಿರು. ಸತ್ತು ಇಷ್ಟು ದಿನವಾದರೂ ಅವನು ಇನ್ನೂ ಕೆಲಸಕ್ಕೆ ಹೋಗುತ್ತಿದ್ದ, ಇನ್ನೂ ಕೆಲಸದಿಂದ ಬರುತ್ತಿದ್ದ. ಅವನಿಗೆ ಒಂದು ಭಾನುವಾರವೂ ಸಿಕ್ಕಿರಲಿಲ್ಲ. ಹಾಗೆ ಮಾಡಿದ್ದು ತಾನೇ ಎಂದು ವಿನೆಟ್‌ಗೆ ಆಗ ತಿಳಿಯಿತು. ತನ್ನ ಮೇಲೆ ಅವಳಿಗೆ ಹೇಸಿಗೆಯಾಯಿತು.

ಮರುದಿನ ಬೆಳಗ್ಗೆ ಎದ್ದವಳೇ ಮಂಚಕ್ಕೆ ಭುಜ ಕೊಟ್ಟಳು. ಅದನ್ನು ಹಿಂದೆಂದೂ ಇಡದ ಮೂಲೆಗೆ ತಳ್ಳಿದಳು. ಬೀರುವನ್ನು ಕಿಟಕಿಗೆ ಅಡ್ಡ ನಿಲ್ಲಿಸಿದಳು. ಗೊಂಬೆಗಳನ್ನು ಕಾಗದ ಸುತ್ತಿ ಪೆಟ್ಟಿಗೆಗೆ ತುಂಬಿದಳು. ಗೋಡೆಗೆ ಗುಲಾಬಿ ಬಣ್ಣ ಬಳಿದಳು. ಅವಳಿಗೂ ಸೇರದ ಬಣ್ಣ, ಅವನಿಗಂತೂ ಕಂಡರಾಗದ ಬಣ್ಣ. ಚಂದ ನೋಡಲು ಹಿಂದೆ ಸರಿದು ನಿಲ್ಲಲಿಲ್ಲ. ಮೂಲೆಯ ಮಂಚದ ಮೇಲೆ ಗೋಡೆಗೊರಗಿ ಕೂತಳು.

ಲಾರಿ ನಿಂತು ಹೋಯಿತು. ಬೂಟು ಜಗಲಿ ಹತ್ತಿ ಹೊಸ್ತಿಲು ದಾಟಿದವು. ನಾಲ್ಕು ಹೆಜ್ಜೆ ಬಂದು ನಿಂತವು. ಕೂರಬೇಕಾದಲ್ಲಿ ಈಗ ಬರೀ ನೆಲ. ಅಂಗೈಯೊಂದು ಬೀರುವನ್ನು ಸವರಿತು, ಹಸಿ ಬಣ್ಣದ ಗೋಡೆಯನ್ನು ಮುಟ್ಟಿ ಹಿಂದೆ ಸರಿಯಿತು. ಗುಲಾಬಿ ಬಣ್ಣದಲ್ಲಿ ಐದು ಬೆರಳು ಮೂಡಿದ್ದನ್ನು ಅವಳು ನೋಡಿದಳು.

"ವಿನ್ನಿ?"

ಸತ್ತ ಮೇಲೆ ಅವನು ಬಾಯಿ ಬಿಟ್ಟದ್ದು ಅದೇ ಮೊದಲು. ಅವಳು ಕೈ ಚಾಚಿದರೆ ಸಿಗುವಷ್ಟು ಹತ್ತಿರವಿದ್ದಳು. ಇಲ್ಲಿದ್ದೇನೆ ಎಂಬ ಒಂದು ಮಾತು ಸಾಕಿತ್ತು. ಲಂಗದ ಅಂಚನ್ನು ಮುದ್ದೆಮಾಡಿ ಬಾಯಿಗೆ ತುರುಕಿಕೊಂಡಳು.

ಒಳಗೆ ಯಾರೋ ಇದ್ದಾರೆಂದು ಅವನಿಗೆ ಗೊತ್ತಾಗಿತ್ತು. ಗಂಟಲು ಸರಿಮಾಡಿಕೊಂಡು, ಪರರ ಮನೆಯ ಹೆಂಗಸಿನ ಹತ್ತಿರ ಮಾತಾಡುವ ಮರ್ಯಾದೆಯಲ್ಲಿ ಹೇಳಿದ:

"ತಪ್ಪು ತಿಳ್ಕೋಬೇಡಿ, ತಾಯಿ. ಮನೆ ತಪ್ಪಿ ಬಂದ್ಬಿಟ್ಟೆ."

ಹೆಜ್ಜೆ ಹಿಂದಕ್ಕೆ ತಿರುಗಿ ಜಗಲಿ ಇಳಿದವು. ಅಂಗಳದ ಕೊನೆಯಲ್ಲಿ ಗೇಟು ಸದ್ದಾಗದಂತೆ ಮುಚ್ಚಿಕೊಂಡಿತು. ರಸ್ತೆಯಲ್ಲಿ ಬೂಟಿನ ಸದ್ದು ಪೂರ್ತಿ ಅಡಗುವವರೆಗೂ ವಿನೆಟ್ ಬಾಯಿಂದ ಬಟ್ಟೆ ತೆಗೆಯಲಿಲ್ಲ.